ಹನ್ನೊಂದನೆಯ ಕಲ್ಲು

ಚುಕ್ಕಿಯ ಸೋದರಮಾವ ಅವಳ ಕನ್ನಡಕದಂಗಡಿಯ ಬಾಗಿಲಿಗೆ ಬಂದದ್ದು ಒಂದು ಮಂಗಳವಾರದ ಮಧ್ಯಾಹ್ನ, ಬೀದಿಗೆ ಬೀದಿಯೇ ಊಟ ಮುಗಿಸಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ. ಗಾಜಿನ ಬಾಗಿಲ ಆಚೆ ಯಾರೋ ನಿಂತು ಹಿಡಿಗಾಗಿ ತಡಕಾಡುತ್ತಿರುವುದು ಅವಳಿಗೆ ಕಂಡಿತು. ಹಾಗೆ ತಡಕಾಡುವವರು ಆ ಅಂಗಡಿಗೆ ಹೊಸಬರೇನಲ್ಲ. ಸರಿಯಾಗಿ ಕಾಣುವವರಿಗೆ ಅಲ್ಲೇನು ಕೆಲಸ? ಎದ್ದು ಹೋಗಿ ಬಾಗಿಲು ತೆರೆದ ಮೇಲೇ ಗೊತ್ತಾದದ್ದು, ಮಾವ ಎಂದು.

ಅವಳು ಮಾವನ ಮನೆ ಬಿಟ್ಟ ಮೇಲಿನ ಮೂವತ್ತಮೂರು ವರ್ಷಗಳಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲವೆಂದಲ್ಲ. ನೆಂಟರ ಮದುವೆಯಲ್ಲೋ ಸಾವಿನ ಮನೆಯಲ್ಲೋ ಎದುರಾದಾಗ "ಚೆನ್ನಾಗಿದೀಯಾ?", "ಹೂಂ ಮಾವ" ಎನ್ನುವಷ್ಟು ನಡೆದಿತ್ತು. ಅದರಾಚೆಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ಕಣ್ಣು ತೋರಿಸ್ಬೇಕಿತ್ತು" ಎಂದರು ಮಾವ, ಯಾವುದೋ ಗಿರಾಕಿಯ ಹಾಗೆ.

"ಬನ್ನಿ ಮಾವ. ಒಂದು ಮೆಟ್ಟಿಲಿದೆ, ನೋಡ್ಕೊಂಡು."

"ಮೆಟ್ಟಿಲು ಕಾಣತ್ತೆ ಕಣೇ. ಕಲ್ಲುಗಳೇ ಕಾಣಲ್ಲ."

ಕಲ್ಲೆಂದರೆ ಗೋ ಎಂಬ ಹಲಗೆಯಾಟದ ಕಲ್ಲು. ಮಾವ ಐವತ್ತು ವರ್ಷಗಳಿಂದ ಗೋ ಮೇಷ್ಟ್ರು. ಒಂದು ಛಾಪಖಾನೆಯ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿ ಮನೆ, ಮೂರನೆಯದರಲ್ಲಿ ತರಗತಿ. ಹತ್ತೊಂಬತ್ತು ಗೆರೆ ಅಡ್ಡಕ್ಕೆ, ಹತ್ತೊಂಬತ್ತು ಗೆರೆ ಉದ್ದಕ್ಕೆ ಎಳೆದ ಮರದ ಹಲಗೆ. ಒಬ್ಬರಿಗೆ ಕಪ್ಪು ಕಲ್ಲು, ಇನ್ನೊಬ್ಬರಿಗೆ ಬಿಳಿ. ಸರದಿ ಪ್ರಕಾರ ಒಂದೊಂದೇ ಕಲ್ಲನ್ನು ಗೆರೆಗಳು ಕೂಡುವಲ್ಲಿ ಇಡುತ್ತ ಹೋಗಬೇಕು. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಕೊನೆಗೆ ಯಾರು ಹೆಚ್ಚು ಖಾಲಿ ಜಾಗವನ್ನು ಸುತ್ತುಗಟ್ಟಿದರೋ ಗೆಲುವು ಅವರದು. ಆಟ ಇಷ್ಟೇ. ಆದರೆ ಮೊದಲ ಮೂವತ್ತು ನಲವತ್ತು ಕಲ್ಲು ಬಿದ್ದ ಹೊತ್ತಿಗೆ, ಹಲಗೆ ಇನ್ನೂ ಬಯಲಾಗಿರುವಾಗ, ಮುಂದಿರುವವರು ಯಾರು ಎಂದು ಹೇಳುವುದಿದೆಯಲ್ಲ, ಅದಕ್ಕೆ ಎಣಿಕೆ ಕೆಲಸಕ್ಕೆ ಬಾರದು. ಎಣಿಸಲು ಅಲ್ಲಿ ಏನೂ ಆಗಿರುವುದೇ ಇಲ್ಲ. ಆ ಆರಂಭವನ್ನು ಓದುವುದರಲ್ಲಿ ಮಾವ ಎತ್ತಿದ ಕೈ ಎಂದು ದೂರದ ಊರುಗಳಿಂದಲೂ ಜನ ಬರುತ್ತಿದ್ದರು.

ಮಾವನ ಪಾಠ ವಿಚಿತ್ರವಾಗಿತ್ತು. ಆಟದ ನಡುವೆ ನಿಲ್ಲಿಸಿ, ಶಿಷ್ಯರನ್ನು ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಹತ್ತಿಸಿ, "ಕಣ್ಣು ಅರ್ಧ ಮುಚ್ಚು. ಕಲ್ಲು ನೋಡಬೇಡ, ಹಲಗೆ ನೋಡು. ಯಾವ ಕಡೆ ಬೆಳಕು ಜಾಸ್ತಿ?" ಎನ್ನುತ್ತಿದ್ದರು. ಉಳಿದವರು ಕಕ್ಕಾಬಿಕ್ಕಿಯಾಗಿ ಏನೋ ಒಂದು ಹೇಳಿ ಇಳಿಯುತ್ತಿದ್ದರು. ಚುಕ್ಕಿಗೆ ಮಾತ್ರ ನಿಜವಾಗಿಯೂ ಕಾಣುತ್ತಿತ್ತು. ಅರೆಗಣ್ಣಿನ ಮಬ್ಬಿನಲ್ಲಿ ಹಲಗೆ ಒಂದು ಕೆರೆಯಾಗುತ್ತಿತ್ತು, ಕಲ್ಲುಗಳ ಸುತ್ತ ನೀರು ಒಂದು ಕಡೆ ತಿಳಿಯಾಗಿ ಇನ್ನೊಂದು ಕಡೆ ಮಡ್ಡಿಯಾಗಿ ನಿಲ್ಲುತ್ತಿತ್ತು. "ಬಲಗಡೆ ಮೇಲೆ, ಕಪ್ಪಿಗೆ" ಎನ್ನುತ್ತಿದ್ದಳು. ಮಾವ ಮೀಸೆಯೊಳಗೇ ನಗುತ್ತಿದ್ದರು. ಗುರುತಿಗೆಂದು ಹಲಗೆಯ ಮೇಲೆ ಒಂಬತ್ತು ಕಡೆ ಚುಕ್ಕಿ ಇಟ್ಟಿರುತ್ತಾರೆ. ತುಟಿಯ ಮೇಲೆ ಮಚ್ಚೆಯಿದ್ದ ಸೋದರಸೊಸೆಯನ್ನು "ಇವಳು ನನ್ನ ಹತ್ತನೇ ಚುಕ್ಕಿ" ಎಂದು ಅವರು ಕರೆದು ಕರೆದು, ಅವಳ ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿದಿತ್ತು.

ಅವಳು ಮಾವನ ಮನೆಯಲ್ಲಿ ಬೆಳೆದವಳು. ತಂದೆ ಇರಲಿಲ್ಲ, ತಾಯಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು, ವಾರಕ್ಕೊಂದು ಪಾಳಿ. ಒಂಬತ್ತನೇ ವಯಸ್ಸಿಗೆ ಒಂದು ಪೆಟ್ಟಿಗೆಯ ಜೊತೆ ಬಂದು ಸೇರಿದ ಹುಡುಗಿ ಹದಿನಾರಕ್ಕೆ ಅದೇ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಹೊರಟ ಕಾರಣ ಒಂದು ಮಾತು.

ಆ ವರ್ಷ ಮಾವನ ತರಗತಿಗೂ ನದಿಯಾಚೆಯ ಇನ್ನೊಬ್ಬ ಮೇಷ್ಟ್ರ ತರಗತಿಗೂ ಪಂದ್ಯ. ಕೊನೆಯ ಆಟ ಚುಕ್ಕಿಯದು. ಕಪ್ಪು ಕಲ್ಲು ಹಿಡಿದಿದ್ದಳು. ಹನ್ನೊಂದನೆಯ ಕಲ್ಲನ್ನು ಅವಳು ಎದುರಾಳಿ ಹಿಡಿದಿದ್ದ ಮೂಲೆಯ ಒಳಕ್ಕೇ ಇಟ್ಟುಬಿಟ್ಟಳು, ಎರಡೂ ಅಂಚುಗಳಿಂದ ಮೂರನೆಯ ಗೆರೆ ಕೂಡುವಲ್ಲಿ. ಅಷ್ಟು ಬೇಗ ಹಾಗೆ ಮೂಲೆಗೆ ನುಗ್ಗುವುದನ್ನು ಆ ಕಾಲದಲ್ಲಿ ಒರಟುತನ ಎನ್ನುತ್ತಿದ್ದರು. ನುಗ್ಗಿದವರಿಗೆ ಹತ್ತು ಅಂಕದ ಪುಟ್ಟ ಜಾಗ ದಕ್ಕುತ್ತದೆ, ನಿಜ. ಆದರೆ ಎದುರಾಳಿಗೆ ಹೊರಗಡೆ ಒಂದು ಗಟ್ಟಿ ಗೋಡೆ ಪುಕ್ಕಟೆ ಸಿಗುತ್ತದೆ, ಆ ಗೋಡೆಯ ಪ್ರಭಾವ ಇಡೀ ಹಲಗೆಯ ಮೇಲೆ ಬೀಳುತ್ತದೆ. ಚುಕ್ಕಿ ಆ ಆಟವನ್ನು ಅರ್ಧ ಅಂಕದಿಂದ, ಎರಡನೆಯವರಾಗಿ ಆಡುವ ಬಿಳಿಗೆ ಸೇರಿಸಿ ಕೊಡುವ ಅಂಕದಲ್ಲಿರುವ ಆ ಅರ್ಧದಿಂದ, ಸೋತಳು. ಮಾವ ಹನ್ನೆರಡು ಜನ ಶಿಷ್ಯರ ಎದುರಿಗೆ, ದನಿ ಕೂಡ ಏರಿಸದೆ, "ಉಣ್ಣೋಕಿಲ್ಲದ ಮನೆಯಿಂದ ಬಂದೋರು. ಮೊದಲು ತಟ್ಟೆಗೇ ಕೈ ಹೋಗತ್ತೆ" ಎಂದರು.

ಆಮೇಲೆ ಅವಳ ಎದುರಿಗೆ ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಚುಕ್ಕಿ ಇನ್ನೂ ಒಂದು ತಿಂಗಳು ಆ ಮನೆಯಲ್ಲಿದ್ದಳು. ಅಷ್ಟು ದಿನವೂ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಈಗ ಅದೇ ಮಾವ ಎಪ್ಪತ್ತೆಂಟರ ಮುದುಕರಾಗಿ, ಕೋಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು, ಅವಳ ಒಳಕೋಣೆಯಲ್ಲಿ ಕೂತಿದ್ದರು. ಪರದೆ ಎಳೆದ ಆ ಕೋಣೆಯಲ್ಲಿ ಹಗಲೆಂಬುದು ನೆಲದ ಮೇಲಿನ ಒಂದು ತೆಳು ಗೆರೆ ಅಷ್ಟೇ. ಚುಕ್ಕಿ ಅವರ ಗಲ್ಲವನ್ನು ಯಂತ್ರದ ಆಸರೆಯ ಮೇಲಿಟ್ಟಳು. ಗಡ್ಡದ ಕೂಳೆ ಅಂಗೈಗೆ ಚುಚ್ಚಿತು. ಆ ಯಂತ್ರದೊಳಗೆ ಒಂದು ಚಿತ್ರವಿರುತ್ತದೆ: ಬಯಲಿನ ನಡುವೆ ಒಂದು ನೆಟ್ಟಗಿನ ರಸ್ತೆ, ರಸ್ತೆಯ ತುದಿಯಲ್ಲಿ ಆಗಷ್ಟೇ ನೆಲ ಬಿಟ್ಟೆದ್ದ ದೊಡ್ಡ ಬಣ್ಣದ ಬಲೂನು. ಅದು ಮಸುಕಾಗಿ ತಿಳಿಯಾಗುವಷ್ಟರಲ್ಲಿ ಯಂತ್ರ ಕಣ್ಣನ್ನು ಅಳೆದು ಮುಗಿಸಿರುತ್ತದೆ.

"ಏನು ಕಾಣ್ತಿದೆ ಮಾವ?"

"ರಸ್ತೆ. ಯಾರೂ ಇಲ್ಲ. ಇದ್ಯಾವ ಊರೇ?"

"ಯಾರಿಗ್ಗೊತ್ತು. ದಿನಾ ಇಪ್ಪತ್ತು ಜನ ಹೋಗಿ ಬರ್ತಾರೆ."

"ಕೊನೇಲಿ ಏನೋ ತೇಲ್ತಿದೆ. ಮೋಡದ ಹಿಂದೆ ಇದೆ."

ಯಂತ್ರ ಚೀಟಿ ಉಗುಳಿತು. ಚುಕ್ಕಿ ಅದನ್ನು ನೋಡಿ ಪಕ್ಕಕ್ಕಿಟ್ಟು, ದಪ್ಪನೆಯ ಪರೀಕ್ಷೆ ಫ್ರೇಮನ್ನು ಅವರ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ತೂರಿಸುತ್ತ ಎದುರಿನ ಅಕ್ಷರಗಳನ್ನು ಓದಿಸಿದಳು. "ಇದು ಚೆನ್ನಾಗಿದ್ಯಾ... ಇದಾ?"

"ಯಂತ್ರ ಹೇಳಾಯ್ತಲ್ಲ. ಮತ್ತೆ ನನ್ನ ಯಾಕೆ ಕೇಳ್ತೀಯಾ?"

"ಯಂತ್ರ ಹೇಳಿದ ಪವರನ್ನೇ ಹಾಕಿ ಕೊಟ್ರೆ ಹತ್ತರಲ್ಲಿ ಮೂರು ಜನ ವಾಪಸ್ ಬರ್ತಾರೆ ಮಾವ, ತಲೆ ಸುತ್ತತ್ತೆ ಅಂತ. ಕೇಳದೇನೇ ಕೊಟ್ರೂ ತಪ್ಪಾಗತ್ತೆ, ಯಂತ್ರ ಇಲ್ಲದೆ ಬರೀ ಕೇಳ್ತಾ ಕೂತ್ರೆ ಸಂಜೆ ಆಗತ್ತೆ."

ಮಾವ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುವವರ ಹಾಗೆ ದವಡೆ ಆಡಿಸಿದರು. "ಎರಡೂ ಒಂದೇ" ಎಂದರು ಆಮೇಲೆ. "ಎರಡರಲ್ಲೂ ಹೊಗೆ."

ಯಾವ ಗಾಜಿಗೂ ಹೊಗೆ ಕರಗಲಿಲ್ಲ. ಸಣ್ಣ ಟಾರ್ಚು ಹಿಡಿದು ನೋಡಿದಾಗ ಎರಡೂ ಕಣ್ಣಿನ ಪಾಪೆಯ ಹಿಂದೆ ಪೊರೆ ಕಂಡಿತು, ಒಲೆಯಿಂದ ಇಳಿಸಿ ತಣಿಯಲು ಬಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. "ಕನ್ನಡಕದಿಂದ ಆಗಲ್ಲ ಮಾವ. ಪೊರೆ ಬಂದಿದೆ, ಆಪರೇಷನ್ ಮಾಡಿಸ್ಬೇಕು. ಹೆದರಿಕೆ ಇಲ್ಲ, ಈಗೆಲ್ಲ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರ್ತಾರೆ."

ಅವರು ತಲೆಯಾಡಿಸಿದರು. ಆದರೆ ಏಳಲಿಲ್ಲ. ಒಳಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದರು. ಮಡಿಕೆಗಳೆಲ್ಲ ಸವೆದು ಹಾಳೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅದರ ಮೇಲೆ ಹಲಗೆಯ ಗೆರೆಗಳು, ಗೆರೆಗಳ ಮೇಲೆ ಸುತ್ತು ಹಾಕಿದ ಅಂಕೆಗಳು. ಕಪ್ಪು ಕಲ್ಲಿಗೆ ನೀಲಿ ಶಾಯಿ, ಬಿಳಿಗೆ ಕೆಂಪು. ಆ ಪಂದ್ಯದ ಆಟ.

"ಎರಡು ವರ್ಷದಿಂದ ಇದನ್ನೇ ಹಿಡ್ಕೊಂಡು ಕೂತಿದೀನಿ" ಎಂದರು ಮಾವ. "ಶಿಷ್ಯ ಒಬ್ಬ ಕಂಪ್ಯೂಟರ್ ತಂದಿಟ್ಟ. ಅದಕ್ಕೆ ಗೋ ಬರತ್ತೆ. ಬರತ್ತೆ ಅಂದ್ರೆ ಎಂಥಾ ಬರತ್ತೆ! ಹಲಗೆ ತೋರಿಸಿದ್ರೆ ಸಾಕು, ಕಪ್ಪು ನೂರಕ್ಕೆ ಇಷ್ಟು ಸಲ ಗೆಲ್ಲತ್ತೆ ಅಂತ ಅಂಕಿ ಹೇಳತ್ತೆ. ನನಗೆ ಕಾಣಲ್ಲ, ನಿಮ್ಮತ್ತೆ ಓದಿ ಹೇಳ್ತಾಳೆ. ನಿನ್ನ ಹನ್ನೊಂದನೇ ಕಲ್ಲು ಹಾಕಿ ನೋಡಿದ್ವಿ. ಅದು ತಪ್ಪಲ್ಲ ಕಣೇ ಚುಕ್ಕಿ. ನಾನು ಹೇಳಿಕೊಟ್ಟ ಹಾಗೆ ಹೊರಗಿನಿಂದ ಬಂದಿದ್ರೆ ನಲವತ್ತಾರು ಪಾಯಿಂಟ್ ಒಂದು. ನೀನು ಇಟ್ಟ ಕಲ್ಲಿಗೆ ನಲವತ್ತಾರು ಪಾಯಿಂಟ್ ಒಂಬತ್ತು. ಆ ಕಲ್ಲೇ ಎಲ್ಲಕ್ಕಿಂತ ಮೇಲು."

ಚುಕ್ಕಿ ಹಾಳೆಯನ್ನೇ ನೋಡುತ್ತಿದ್ದಳು. ಆ ನೀಲಿ ಹನ್ನೊಂದು ಅವಳಿಗೆ ಯಾರದೋ ಮನೆಯ ಬಾಗಿಲ ಸಂಖ್ಯೆಯ ಹಾಗೆ ಕಂಡಿತು. ಆ ದಿನದ ಹಲಗೆಯಲ್ಲಿ ಒಂದು ಕಲ್ಲೂ ನೆನಪಿರಲಿಲ್ಲ. ನೆನಪಿದ್ದದ್ದು ಮಾವನ ಮಾತು ಮಾತ್ರ, ಅಕ್ಷರ ಅಕ್ಷರವೂ, ನಡುವೆ ಅವರು ಉಸಿರೆಳೆದದ್ದೂ ಸೇರಿ.

"ಆವತ್ತು ಎಲ್ರ ಎದುರಿಗೆ ನಿನ್ನ ಕಲ್ಲನ್ನ ತಪ್ಪು ಅಂದೆ" ಎಂದರು ಮಾವ. "ತಪ್ಪಾಗಿದ್ದು ನಂದು. ಹೇಳಿ ಹೋಗೋಣ ಅಂತ ಬಂದೆ. ಒಂದು ಕೇಳ್ತೀನಿ. ಇಡೀ ಜಗತ್ತಿನ ಮೇಷ್ಟ್ರುಗಳಿಗೆ ಕಾಣದೇ ಇದ್ದಿದ್ದು ನಿನಗೆ ಹದಿನಾರು ವರ್ಷಕ್ಕೆ ಕಾಣಿಸ್ತಲ್ಲ, ಏನು ಕಾಣಿಸ್ತು?"

"ನೆನಪಿಲ್ಲ ಮಾವ."

ಅವರ ಮುಖ ಬಾಡಿತು. ಹಾಳೆಯನ್ನು ಮಡಿಕೆಗೆ ಮಡಿಕೆ ಕೂಡಿಸಿ ಒಳಗಿಟ್ಟುಕೊಂಡರು. "ಭಾನುವಾರ ಬಾ" ಎಂದರು ಬಾಗಿಲಲ್ಲಿ. "ಹಲಗೆ ಮುಂದೆ ಕೂತ್ರೆ ನೆನಪಾಗಬಹುದು. ನಿಮ್ಮತ್ತೆನೂ ಕೇಳ್ತಿರ್ತಾಳೆ." ಚುಕ್ಕಿ ಮೆಟ್ಟಿಲು ಇಳಿಸಿ ಬೀದಿಯ ತಿರುವಿನವರೆಗೆ ಕೈ ಹಿಡಿದು ಬಿಟ್ಟು ಬಂದಳು. ಕ್ಷಮೆಯನ್ನೇನೋ ಕೇಳಿ ಹೋದರು, ಆದರೆ ಬೇರೆ ಯಾರ ವಿಳಾಸಕ್ಕೋ ಬರೆದ ಕಾಗದ ತನ್ನ ಕೈಗೆ ಬಂದ ಹಾಗಾಗಿತ್ತು ಅವಳಿಗೆ.

ಆ ವಾರವೆಲ್ಲ ಮನಸ್ಸು ಕೆಲಸದ ಮೇಲಿರಲಿಲ್ಲ. ಗಾಜು ಉಜ್ಜುವ ಚಕ್ರದ ಗುಂಯ್‌ ಶಬ್ದದಲ್ಲಿ ಛಾಪಖಾನೆಯ ಶಬ್ದ ಕೇಳುತ್ತಿತ್ತು. ಆ ಮನೆಯ ನೆಲ ಸದಾ ಸಣ್ಣಗೆ ಅದುರುತ್ತಿದ್ದದ್ದು, ಕಲ್ಲು ತುಂಬಿದ ಬಟ್ಟಲುಗಳು ತಾವಾಗಿಯೇ ಗುನುಗುತ್ತಿದ್ದದ್ದು ನೆನಪಾಗುತ್ತಿತ್ತು. ಒಬ್ಬ ಗಿರಾಕಿಗೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟು, ಅವನು ಬಾಗಿಲ ಗಾಜಿಗೆ ಹಾಯ್ದ ಮೇಲೆ ಓಡಿಹೋಗಿ ಕರೆತಂದಳು. ಹೋಗಬಾರದು ಎಂದುಕೊಂಡೇ ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡಳು.

ಮೆಟ್ಟಿಲ ಮೇಲೆ ಶಾಯಿಯ ವಾಸನೆ ಹಾಗೇ ಇತ್ತು. ಬಾಗಿಲು ತೆರೆದವರು ಅತ್ತೆ. ಕುತ್ತಿಗೆಗೆ ಅಳತೆ ಟೇಪು, ತುಟಿಯ ಅಂಚಿನಲ್ಲಿ ಎರಡು ಗುಂಡುಸೂಜಿ. ಅತ್ತೆ ಬಟ್ಟೆ ಹೊಲಿಯುವವರು. ಆ ಮನೆಯ ಒಲೆ ಉರಿದದ್ದು ಹೆಚ್ಚಾಗಿ ಅವರ ಮಿಷನ್ನಿನಿಂದಲೇ. ಸೂಜಿ ತೆಗೆದು ತೋಳಿಗೆ ಚುಚ್ಚಿಕೊಂಡು ಚುಕ್ಕಿಯ ಎರಡೂ ಕೆನ್ನೆ ಹಿಡಿದರು. "ಬಂದ್ಯಾ. ಭುಜ ಅಗಲ ಆಗಿದೆ ನೋಡು" ಎಂದು ಕಣ್ಣಲ್ಲೇ ಅಳತೆ ತೆಗೆದರು. "ಒಳಗಿದಾರೆ. ಬೆಳಿಗ್ಗೆಯಿಂದ ನಾಲ್ಕು ಸಲ ಕಲ್ಲು ಜೋಡಿಸಿ ನಾಲ್ಕು ಸಲ ತೆಗೆದಿದಾರೆ."

ತರಗತಿಯಲ್ಲಿ ಶಿಷ್ಯರು ಇರಲಿಲ್ಲ. ಕಿಟಕಿಯ ಮಂಜುಗಾಜಿನಿಂದ ಬೆಳಕು ಬಸಿದು, ಯಾವುದಕ್ಕೂ ನೆರಳಿಲ್ಲದ ಹಾಗೆ ಕೋಣೆಯೆಲ್ಲ ತುಂಬಿತ್ತು. ಹಲಗೆಯ ಮೇಲೆ ಹತ್ತು ಕಲ್ಲು. ಹಳೆಯ ಹೊಲಿಗೆ ಮೇಜಿನ ಮೇಲೆ ಕಂಪ್ಯೂಟರು. ಅತ್ತೆ ಬಂದು ಅದರ ಮುಂದೆ ಕೂತರು. ಅವರಿಗೆ ಗೋ ಆಟದ ಗಂಧಗಾಳಿ ಇಲ್ಲ. ಕಲಿಯುವ ಮನಸ್ಸೂ ಇರಲಿಲ್ಲ. ಗಂಡನ ಕಣ್ಣು ಮಂಜಾದ ಮೇಲೆ, ಹಲಗೆ ನೋಡಿ ಕಲ್ಲುಗಳನ್ನು ಪರದೆಗೆ ಏರಿಸುವುದನ್ನೂ ಅಂಕಿ ಓದುವುದನ್ನೂ ರೂಢಿ ಮಾಡಿಕೊಂಡಿದ್ದರು. "ನಲವತ್ತಾರು ಪಾಯಿಂಟ್ ಎಂಟು" ಎಂದು ಅವರು ಓದಿದರೆ ಯಾರದೋ ಎದೆಯ ಸುತ್ತಳತೆ ಬರೆಸುತ್ತಿದ್ದಾರೆ ಅನ್ನಿಸಬೇಕು.

"ಇಡು" ಎಂದರು ಮಾವ.

ಚುಕ್ಕಿ ಕಪ್ಪು ಕಲ್ಲೊಂದನ್ನು ಬೆರಳ ತುದಿಗಳ ನಡುವೆ ಹಿಡಿದಳು. ಮೂವತ್ತಮೂರು ವರ್ಷ ಮುಟ್ಟಿರದಿದ್ದರೂ ತೋರುಬೆರಳು ಕೆಳಗೆ, ನಡುಬೆರಳು ಮೇಲೆ ತಾನೇ ಹೋಗಿ ಕೂತಿತು. ಹಾಳೆಯಲ್ಲಿದ್ದ ಜಾಗಕ್ಕೇ ಕಲ್ಲು ಬಿತ್ತು, ಮರ ಟಕ್ಕೆಂದಿತು. ಆ ಶಬ್ದ ಅವಳನ್ನು ಎಲ್ಲಿಗೋ ಎತ್ತಿಕೊಂಡು ಹೋಯಿತು.

"ಮಂಚ" ಎಂದಳು.

"ಏನು?"

"ಆ ಮೂಲೆ ಮಂಚದ ಅಡಿ ಇದ್ದ ಹಾಗೆ ಕಾಣ್ತಿತ್ತು ಮಾವ. ಬಿಳಿ ಕಲ್ಲು ಮಂಚ, ಅದರ ಕೆಳಗೆ ಕತ್ತಲು. ಇಲ್ಲಿಗೆ ಬಂದ ಹೊಸದ್ರಲ್ಲಿ ನಾನು ನಿಮ್ಮ ಮಂಚದ ಅಡಿ ಹೋಗಿ ಮಲಗ್ತಿದ್ದೆ. ತಣ್ಣಗಿರ್ತಿತ್ತು. ಕೆಳಗಿನ ಮಿಷನ್ ಶಬ್ದ ಬೆನ್ನಿಗೆ ಹತ್ತೋದು. ಅವತ್ತು ಪಂದ್ಯದಲ್ಲಿ ಅಷ್ಟು ಜನ ನೋಡ್ತಿದ್ರಲ್ಲ, ಸೆಕೆ ಬೇರೆ. ಅಲ್ಲಿ ಹೋಗಿ ಕೂತ್ಬಿಡೋಣ ಅನ್ನಿಸ್ತು, ಇಟ್ಟೆ. ಲೆಕ್ಕಾಚಾರ ಏನೂ ಇರಲಿಲ್ಲ. ಒಳ್ಳೇ ಕಲ್ಲು ಅಂತ ನಾನೂ ಅಂದ್ಕೊಂಡಿರಲಿಲ್ಲ."

ಮಾವ ಹಲಗೆಯ ಮೇಲೆ ಇನ್ನಷ್ಟು ಬಗ್ಗಿದರು. ಅವರು ಬೇರೇನನ್ನೋ ಕಾಯುತ್ತಿದ್ದರು ಎನ್ನುವುದು ಗೊತ್ತಾಗುತ್ತಿತ್ತು. "ಯಂತ್ರದ ಕಾರಣ ಬೇರೆ" ಎಂದರು ಮೆಲ್ಲಗೆ. "ಮೂಲೆ ತಗೊಂಡ ಮೇಲೆ ಸರದಿ ಮತ್ತೆ ಕಪ್ಪಿಗೇ ಬರತ್ತೆ. ಬಿಳಿ ಗೋಡೆ ಕಟ್ಟಿರುತ್ತೆ, ಆದ್ರೆ ಅದನ್ನ ಬಳಸೋ ಮೊದಲೇ ಕಪ್ಪು ಹೋಗಿ ಅದರ ಮುಂದೆ ಕೂರತ್ತೆ. ನಾವು ಗೋಡೆ ನೋಡ್ಕೊಂಡು ಮೈ ಮರೆತ್ವಿ. ಗೋಡೆಗೆ ಎಷ್ಟು ಬೆಲೆ ಅಂತ ಕೇಳಲೇ ಇಲ್ಲ, ಬೆಳಕು ಅಂದ್ವಿ, ಅಷ್ಟೇ. ಇದನ್ನ ಅರ್ಥ ಮಾಡ್ಕೊಳೋಕೆ ನನಗೆ ಎರಡು ವರ್ಷ ಬೇಕಾಯ್ತು. ಅರ್ಥ ಆಗಿದೆ. ಆದ್ರೂ ನೀನು ಅಲ್ಲಿ ಕಲ್ಲಿಟ್ಟಾಗ ಈಗಲೂ ಹೊಟ್ಟೆ ಒಳಗೆ ಏನೋ ಚುಚ್ಚತ್ತೆ." ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದರು. "ಆವತ್ತೂ ಹೀಗೇ ಚುಚ್ಚಿತ್ತು. ಅದಕ್ಕೇ ತಪ್ಪು ಅಂದೆ."

"ನೀವು ತಪ್ಪು ಅನ್ನಲಿಲ್ಲ ಮಾವ."

ಬಾಯಿಂದ ಬಂದ ಮೇಲೇ ಅವಳಿಗೆ ಗೊತ್ತಾದದ್ದು, ಮಾತಾಡಿದ್ದು ತಾನೇ ಎಂದು. ಕೆಳಗೆ ಭಾನುವಾರದ ರಜೆ, ನೆಲ ಅದುರುತ್ತಿರಲಿಲ್ಲ. "ನೀವು ಅಂದಿದ್ದು ಬೇರೆ" ಎಂದು, ಆ ಮಾತನ್ನು ಇದ್ದ ಹಾಗೇ ಹೇಳಿದಳು. ಉಣ್ಣೋಕಿಲ್ಲದ ಮನೆ. ತಟ್ಟೆ. ಕೈ. ನಡುವೆ ಅವರು ಉಸಿರೆಳೆದಲ್ಲಿ ತಾನೂ ಉಸಿರೆಳೆದಳು.

ಮಾವ ತಲೆಯೆತ್ತಿದರು. ಪೊರೆಗಟ್ಟಿದ ಕಣ್ಣುಗಳು ಅವಳ ಮುಖವನ್ನು ಹುಡುಕಿ, ಸರಿಯಾಗಿ ಸಿಗದೆ, ಕಿವಿಯ ಹತ್ತಿರ ಎಲ್ಲೋ ನಿಂತವು. "ಇಲ್ಲ" ಎಂದರು. "ನಾನು ಹಾಗಂದಿಲ್ಲ. ಅನ್ನೋದುಂಟಾ? ಅಕ್ಕನ ಮಗಳಿಗೆ?"

"ಅಂದ್ರಿ" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. ಅಂಕಿ ಓದುವ ಅದೇ ದನಿ. "ನಾನು ಬಾಗಿಲಲ್ಲೇ ನಿಂತಿದ್ದೆ, ನೀರು ತಂದಿದ್ದೆ. ನನ್ನ ಕಿವಿಯಾರೆ ಕೇಳಿದೀನಿ. ಅವತ್ತೇ ನಿಮಗೆ ಹೇಳಿದೆ, ಮಗೂಗೆ ಹೀಗಾ ಅನ್ನೋದು ಅಂತ. ಆಟದ ವಿಷಯಕ್ಕೆ ಬಾಯಿ ಹಾಕಬೇಡ ಅಂದ್ರಿ. ಒಂದು ತಿಂಗಳು ಇವಳು ನನ್ನ ಕೈಯಿಂದ ಎರಡನೇ ಸಲ ಬಡಿಸ್ಕೊಳ್ಳಲಿಲ್ಲ. ನಿಮಗೆ ಅದೂ ಕಾಣಲಿಲ್ಲ. ಆವಾಗ ಪೊರೆ ಇರಲಿಲ್ಲ."

ಮಾವನ ಕೈ ಹಲಗೆಯ ಅಂಚಿನ ಮೇಲೆ ಅತ್ತಿಂದಿತ್ತ ಹರಿದಾಡಿತು, ಕತ್ತಲಲ್ಲಿ ಬಾಗಿಲು ಹುಡುಕುವವರ ಹಾಗೆ. ಅವರು ನಿಜಕ್ಕೂ ನೆನಪನ್ನು ಹುಡುಕುತ್ತಿದ್ದಾರೆ, ನಟನೆಯಲ್ಲ ಎಂದು ಚುಕ್ಕಿಗೆ ಗೊತ್ತಾಯಿತು. ಅದು ಗೊತ್ತಾದದ್ದೇ ಸಿಟ್ಟು ಮಾಡಿಕೊಳ್ಳುವುದು ಕಷ್ಟವಾಗತೊಡಗಿತು. ಅಷ್ಟು ವರ್ಷ ಅವಳು ಎದೆಯಲ್ಲಿಟ್ಟುಕೊಂಡ ಮಾತು ಆಡಿದವರ ಹತ್ತಿರ ಒಂದು ದಿನವೂ ಉಳಿದಿರಲಿಲ್ಲ.

"ಆ ಆಟದಲ್ಲಿ ಇನ್ನೂರ ಹದಿನೇಳು ಕಲ್ಲು" ಎಂದರು ಮಾವ ಕೊನೆಗೆ. "ಒಂದೊಂದೂ ಎಲ್ಲಿ ಬಿತ್ತು ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಇದು ನೆನಪಿಲ್ಲ. ನೆನಪಿಲ್ಲ ಅಂದ ಮಾತ್ರಕ್ಕೆ ಅಂದಿಲ್ಲ ಅಂತ ಆಗಲ್ಲ. ನೀವಿಬ್ರೂ ಸುಳ್ಳು ಹೇಳೋರಲ್ಲ." ಮೂಲೆಯ ಕಪ್ಪು ಕಲ್ಲನ್ನು ಬೆರಳಿನಿಂದ ಮುಟ್ಟಿದರು. "ನಾನು ಅರ್ಧ ಅಂಕಕ್ಕೆ ಅಂಥಾ ಮಾತು ಆಡಿದ್ನಾ? ಎರಡು ವರ್ಷ ಕಲ್ಲು ಸರಿನಾ ತಪ್ಪಾ ಅಂತ ಕೂತಿದ್ದೀನಲ್ಲ... ಅದು ತಪ್ಪೇ ಆಗಿದ್ರೂ ಆ ಮಾತು ಆಡೋ ಹಾಗಿರಲಿಲ್ಲ. ತಪ್ಪಾಯ್ತು ಚುಕ್ಕಿ. ನಿಮ್ಮಮ್ಮ ಇದ್ದಿದ್ರೆ ಅವಳ ಹತ್ರಾನೂ ಹೇಳ್ತಿದ್ದೆ."

ಈ ಸಲ ಕಾಗದ ಸರಿಯಾದ ವಿಳಾಸಕ್ಕೆ ಬಂದಿತ್ತು. ಚುಕ್ಕಿ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಅಳು, ಅದೂ ಒಂಬತ್ತು ವರ್ಷದ ಹುಡುಗಿಯ ಹಾಗೆ, ಮೂಗು ಸೊರಸೊರ ಎನ್ನುವ ಅಳು. ಅತ್ತೆ ಎದ್ದು ಬಂದು, ಒರೆಸಲು ಏನೂ ಸಿಗದೆ, ಯಾರದೋ ಹೊಲಿಯಲು ಬಂದ ಅಂಗಿಯ ತೋಳಿನಿಂದಲೇ ಅವಳ ಮುಖ ಒರೆಸಿದರು. ಕಪ್ಪು ಕಲ್ಲು ಮೂಲೆಯಲ್ಲಿ ಕೂತೇ ಇತ್ತು. ಆ ದಿನ ಮುಂದಿನ ಕಲ್ಲನ್ನು ಯಾರೂ ಇಡಲಿಲ್ಲ.

ಮೂರು ವಾರದ ನಂತರ ಮಾವನ ಬಲಗಣ್ಣಿಗೆ ಆಪರೇಷನ್ ಆಯಿತು, ಇನ್ನೊಂದು ತಿಂಗಳಿಗೆ ಎಡಗಣ್ಣಿಗೆ. ಎರಡು ಸಲವೂ ಚುಕ್ಕಿ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದಳು. ಪಟ್ಟಿ ಬಿಚ್ಚಿದ ಮೇಲೆ ಮಾವ ಹೆಂಡತಿಯನ್ನು ನೋಡಿ "ಇಷ್ಟು ನರೆತಿದ್ಯಾ?" ಎಂದರು. "ನೀವೇನು ಕಮ್ಮಿನಾ, ಕನ್ನಡಿ ಕೊಡ್ಲಾ?" ಎಂದರು ಅತ್ತೆ. ಕಂಪ್ಯೂಟರ್ ಓದುವ ಕೆಲಸದಿಂದ ಬಿಡುಗಡೆಯಾಯಿತು ಎಂದು ಎಲ್ಲರೂ ಅಂದುಕೊಂಡರೂ ಅತ್ತೆ ಕುರ್ಚಿ ಬಿಟ್ಟುಕೊಡಲಿಲ್ಲ. ಅಂಕಿ ತಾನೇ ಓದಬೇಕು, ಇಲ್ಲದಿದ್ದರೆ ಇವರು ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ ಎನ್ನುವುದು ಅವರ ವಾದ.

ಭಾನುವಾರಗಳಂದು ಚುಕ್ಕಿ ಬರತೊಡಗಿದಳು. ತರಗತಿಯಲ್ಲಿ ಈಗ ಪಾಠದ ರೀತಿ ಬೇರೆಯಾಗಿತ್ತು. ಮೊದಲು ಸ್ಟೂಲು, ಅರೆಗಣ್ಣು, ಬೆಳಕು. ಎಲ್ಲರೂ ತಮಗೆ ಕಂಡದ್ದನ್ನು ಚೀಟಿಯಲ್ಲಿ ಬರೆದ ಮೇಲೆ ಅತ್ತೆಯ ಅಂಕಿ. ಎರಡೂ ಹೊಂದಿದರೆ ಮಾವ ಮುಂದಕ್ಕೆ ಹೋಗುತ್ತಿದ್ದರು. ಹೊಂದದಿದ್ದರೆ ಅವರ ಹುರುಪು ನೋಡಬೇಕು. ಅಲ್ಲಿಂದ ಒಂದು ಗಂಟೆ ಯಾರನ್ನೂ ಅಲ್ಲಾಡಲು ಬಿಡುತ್ತಿರಲಿಲ್ಲ. "ಅದಕ್ಕೆ ಕಂಡಿದ್ದು ನಮಗ್ಯಾಕೆ ಕಾಣಲಿಲ್ಲ? ಹುಡುಕಿ!" ಎನ್ನುತ್ತಿದ್ದರು. ಎಷ್ಟೋ ಸಲ ಸಿಗುತ್ತಿತ್ತು. ಕೆಲವು ಸಲ ಏನು ಮಾಡಿದರೂ ಸಿಗುತ್ತಿರಲಿಲ್ಲ. ಆಗ ಮಾವ ಕಿಟಕಿಯ ಹತ್ತಿರ ಹೋಗಿ ನಿಂತು, ಹೊಸ ಕಣ್ಣುಗಳಿಂದ ಎದುರು ಮನೆಯ ಹಂಚುಗಳನ್ನು ಎಣಿಸುತ್ತಿದ್ದರು.

ಒಂದು ದಿನ ಶಿಷ್ಯರು ಹೋದ ಮೇಲೆ ಮಾವ ಸೊಸೆ ಇಬ್ಬರೂ ಆಟಕ್ಕೆ ಕೂತರು. ಸಂಜೆಗೆ ಇನ್ನೂ ಹೊತ್ತಿತ್ತು. ಮಂಜುಗಾಜಿನ ಬೆಳಕು ಹಲಗೆಯ ಮೇಲೆ ನಿಂತ ನೀರಿನ ಹಾಗಿತ್ತು. ಹದಿನೈದನೆಯ ಕಲ್ಲಿನ ಹೊತ್ತಿಗೆ ಮಾವನ ಮೂಲೆಯೊಂದು ಚುಕ್ಕಿಗೆ ತೆರೆದುಕೊಂಡೇ ಇತ್ತು. ಅಲ್ಲಿಗೆ ನುಗ್ಗುವುದೇ ಸರಿ ಎಂದು ಈಗ ಎಳೆಯ ಶಿಷ್ಯರಿಗೂ ಗೊತ್ತು. ಅವಳು ಕಣ್ಣು ಅರ್ಧ ಮುಚ್ಚಿದಳು. ಕೆರೆ ಬಂತು. ಎಡಗಡೆ, ಹಲಗೆಯ ಅಂಚಿನಿಂದ ತುಸು ಮೇಲೆ, ನೀರು ಎಷ್ಟು ವಿಶಾಲವಾಗಿ, ಎಷ್ಟು ಸದ್ದಿಲ್ಲದೆ ಹರಡಿತ್ತೆಂದರೆ, ಅವಳ ಕೈ ಮೂಲೆಯನ್ನು ದಾಟಿ ಅಲ್ಲಿಗೇ ಹೋಗಿ ಕಲ್ಲನ್ನಿಟ್ಟಿತು.

"ನಲವತ್ತೊಂಬತ್ತು ಇದ್ದಿದ್ದು ನಲವತ್ತಮೂರಕ್ಕೆ ಇಳೀತು" ಎಂದರು ಅತ್ತೆ. "ಏನು ಮಾಡಿದ್ಯೇ?"

ಮಾವ ಆ ಕಲ್ಲನ್ನು ನೋಡಿದರು. ಕುತ್ತಿಗೆ ವಾರೆ ಮಾಡಿ, ಎದ್ದು ನಿಂತು, ಮೇಲಿನಿಂದ ನೋಡಿದರು. ಮೀಸೆ ಅಲುಗಿತು.

"ನಾನೂ ಅಲ್ಲೇ ಇಡ್ತಿದ್ದೆ" ಎಂದರು.

ಆ ಆಟವನ್ನು ಚುಕ್ಕಿ ಏಳೂವರೆ ಅಂಕಗಳಿಂದ ಸೋತಳು. ಎಲ್ಲಿ ಸೋತದ್ದು ಎಂದು ನೋಡಲು ಇಬ್ಬರೂ ಕಲ್ಲುಗಳನ್ನೆಲ್ಲ ತೆಗೆದು ಮೊದಲಿನಿಂದ ಜೋಡಿಸತೊಡಗಿದರು. ಅತ್ತೆ ಪರದೆಯ ಕಡೆಗೆ ಕುರ್ಚಿ ತಿರುಗಿಸಿಕೊಂಡು, "ನಿಧಾನ ಇಡಿ, ನನಗೆ ನೋಡ್ಕೊಂಡು ಒತ್ತಬೇಕು" ಎಂದರು.